ಪುಟಕ್ಕೆ 5 ರೂಪಾಯಿ ಕೊಟ್ಟೆ, ಮಗ ದೊಡ್ಡಕ್ಷರದಲ್ಲಿ ಬರೆಯಲು ಶುರು ಮಾಡಿದ

ಸುಂಟಿಕೊಪ್ಪ ತೋಟದವ | ಜನವರಿ 11, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಇಲ್ಲಿ ಟೀಚರುಗಳೂ ಇದ್ದೀರಿ, ತೋಟದವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗನಿಗೆ 8 ವರ್ಷ, ಮೂರನೇ ಕ್ಲಾಸು. ಕನ್ನಡ ಕಾಪಿ ಬರೆಯುವುದು ಅಂದರೆ ಅವನಿಗೆ ಹೊಟ್ಟೆನೋವು ಬರುತ್ತದೆ. ದಸರಾ ರಜೆಯಲ್ಲಿ ನಾನೊಂದು ಉಪಾಯ ಮಾಡಿದೆ. ಒಂದು ಪುಟಕ್ಕೆ 5 ರೂಪಾಯಿ. ಮೊದಲ ವಾರ ಮನೆಯಲ್ಲಿ ಹಬ್ಬ, ದಿನಕ್ಕೆ ಮೂರು ಪುಟ. ಎರಡನೇ ವಾರ ಅಕ್ಷರ ಸ್ವಲ್ಪ ದಪ್ಪ ಆಯಿತು. ಮೂರನೇ ವಾರ ಸಾಲಿಗೆ ಎರಡೇ ಪದ. 'ನಾನು ಅಜ್ಜಿ ಮನೆಗೆ ಹೋದೆನು' ಅನ್ನುವುದು ಎರಡು ಸಾಲು ತಿನ್ನುತ್ತಿತ್ತು. ನವೆಂಬರಿನಲ್ಲಿ ನಾನು ದುಡ್ಡು ನಿಲ್ಲಿಸಿದೆ. ಪೆನ್ಸಿಲ್ಲೂ ನಿಂತಿತು. ಮೊದಲಾದರೆ ಗೊಣಗಿಕೊಂಡು ಅರ್ಧ ಪುಟ ಬರೆಯುತ್ತಿದ್ದ. ಈಗ 'ಎಷ್ಟು ಕೊಡ್ತೀರಿ ಪಪ್ಪಾ?' ಅಂತಾನೆ.

ಇದರ ಮಧ್ಯೆ ತೋಟದಲ್ಲಿ ರೊಬಸ್ಟಾ ಕಾಫಿ ಕುಯ್ಲು. ಈ ಸಲ ಆಳು ಸಿಗಲಿಲ್ಲ ಅಂತ ದಿನಗೂಲಿ ಬಿಟ್ಟು ಕೆಜಿ ಲೆಕ್ಕಕ್ಕೆ ಕೊಟ್ಟೆ. ನಿನ್ನೆ ಸಂಜೆ ಕಣದಲ್ಲಿ ಚೀಲ ಸುರಿದು ನೋಡಿದರೆ ಅರ್ಧಕ್ಕರ್ಧ ಹಸಿರು ಕಾಯಿ. ಎಲೆ, ಕಡ್ಡಿ. ಒಂದು ಚೀಲದ ತಳದಲ್ಲಿ ಮುಷ್ಟಿ ಗಾತ್ರದ ಮಣ್ಣಿನ ಹೆಂಟೆ. ಆ ಹೆಂಟೆಯನ್ನು ಕೈಯಲ್ಲಿ ಹಿಡಿದು ನಿಂತಾಗ ಕಣ್ಣ ಮುಂದೆ ಬಂದದ್ದು ಮಗನ ಕಾಪಿ ಪುಸ್ತಕ.

ಎರಡೂ ಕಡೆ ದುಡ್ಡು ಕೊಟ್ಟವನು ನಾನೇ. ಎಲ್ಲಿ ತಪ್ಪಿದೆ?

ಜೀಪ್ ಕುಟ್ಟ | ಜನವರಿ 11, ರಾತ್ರಿ 9:31

ಮಗ ದೊಡ್ಡವನಾದ ಮೇಲೆ ರೋಡ್ ಕಂಟ್ರಾಕ್ಟರ್ ಆಗ್ತಾನೆ ಅಣ್ಣ. ಚಿಂತೆ ಬಿಡಿ.

ಕಣದ ರೈಟರ್ | ಜನವರಿ 11, ರಾತ್ರಿ 10:15

ತೋಟದವರೇ, ಮೊದಲು ಒಂದು ಮಾತು. ಕೆಲಸದವರನ್ನು ಬೈಯಬೇಡಿ. 22 ವರ್ಷದಿಂದ ಹಾಜರಿ ಪುಸ್ತಕ ಬರೆಯುತ್ತಿದ್ದೇನೆ. ತಕ್ಕಡಿ ಏನನ್ನು ನೋಡುತ್ತದೋ ಜನ ಅದನ್ನೇ ಕುಯ್ಯುತ್ತಾರೆ. ನಿಮ್ಮ ತಕ್ಕಡಿಗೆ ಬಣ್ಣ ಕಾಣುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮೊದಲ ಸುತ್ತಿನಲ್ಲಿ ಒಂದು ಗೊಂಚಲಲ್ಲಿ ನಾಲ್ಕು ಹಣ್ಣು ಇದ್ದರೆ ಹತ್ತು ಕಾಯಿ ಇರುತ್ತದೆ. ಹಣ್ಣು ಮಾತ್ರ ಆರಿಸಿದರೆ ಸಂಜೆಗೆ ಅರ್ಧ ಚೀಲ. ರೆಕ್ಕೆ (ಗಿಡದ ಕೊಂಬೆ) ಹಿಡಿದು ಒಂದೇ ಸಲ ಉಜ್ಜಿದರೆ ತುಂಬಿದ ಚೀಲ. ಮನೆಯಲ್ಲಿ ಇಬ್ಬರು ಮಕ್ಕಳಿರುವ ಹೆಂಗಸು ಯಾವುದನ್ನು ಮಾಡಬೇಕು, ನೀವೇ ಹೇಳಿ. ಉಜ್ಜಿದರೆ ರೆಕ್ಕೆ ಮುರಿಯುತ್ತದೆ, ಮುಂದಿನ ವರ್ಷದ ಹೂವಿಗೆ ಜಾಗ ಇರುವುದಿಲ್ಲ. ಬಲಿಯದ ಕಾಯಿಯಿಂದ ಓಟಿ, ಅಂದರೆ ಚೀಲಕ್ಕೆ ಸಿಗುವ ಬೀಜದ ತೂಕ, ಬೀಳುತ್ತದೆ. 50 ಕೆಜಿ ಚೆರಿ (ಒಣಗಿಸಿದ ಹಣ್ಣು) ಚೀಲಕ್ಕೆ 28 ಕೆಜಿ ಬೀಜ ಬರುವ ಕಡೆ 25 ಬಂದರೆ ಹೊಡೆತ ನಿಮಗೆ. ಆದರೆ ಆ ಹೊಡೆತ ಗೊತ್ತಾಗುವುದು ಎಷ್ಟೋ ವಾರ ಆದ ಮೇಲೆ, ಅದೂ ನಿಮ್ಮ ಜೇಬಿಗೆ. ಅವರ ಸಂಜೆಗೂ ಅದಕ್ಕೂ ಸಂಬಂಧವೇ ಇಲ್ಲ.

ನಮ್ಮ ತೋಟದಲ್ಲಿ ಫ್ಲೈ ಪಿಕ್ಕಿಂಗ್, ಅಂದರೆ ಮೊದಲು ಹಣ್ಣಾದದ್ದನ್ನು ಮಾತ್ರ ಆರಿಸುವ ಸುತ್ತು, ಅಷ್ಟನ್ನೂ ದಿನಗೂಲಿಗೇ ಮಾಡಿಸುತ್ತೇವೆ. ಗಿಡ ಪೂರ್ತಿ ಹಣ್ಣಾದ ಮೇಲೆ ಕೆಜಿ ಲೆಕ್ಕ. ಕೆಜಿ ಲೆಕ್ಕದಲ್ಲೂ ಪ್ರತಿ ಚೀಲದಿಂದ ಒಂದು ಸೇರು ತೆಗೆದು, ಕುಯ್ದವರ ಎದುರಿಗೇ ತಾಟಿನ ಮೇಲೆ ಹರಡುತ್ತೇನೆ. ಕಾಯಿ ಕಡಿಮೆ ಇದ್ದರೆ ಆ ಚೀಲಕ್ಕೆ ಕೆಜಿಗೆ ಇಷ್ಟು ಅಂತ ಜಾಸ್ತಿ, ಅಲ್ಲೇ ಚೀಟಿಯಲ್ಲಿ ಬರೆಯುತ್ತೇನೆ. ಹಿಂದೆ ಒಂದು ವರ್ಷ ಇದನ್ನೇ ಉಲ್ಟಾ ಮಾಡಿದ್ದೆವು. ಶನಿವಾರ ಬಟವಾಡೆ ದಿನ 'ನಿಮ್ಮ ಕಾಯಿ ಜಾಸ್ತಿ' ಅಂತ ಕಡಿತ. ಯಾವ ಚೀಲ, ಯಾವ ದಿನ ಅಂತ ಯಾರಿಗೂ ನೆನಪಿಲ್ಲ. ಬರೀ ಜಗಳ. ಕಾಯಿ ಒಂದು ಹಿಡಿಯೂ ಕಡಿಮೆ ಆಗಲಿಲ್ಲ. ಎರಡು ಮನೆಯವರು ಬೇರೆ ತೋಟಕ್ಕೆ ಹೋದರು, ಅಷ್ಟೆ.

ಹೆಂಟೆ ವಿಷಯಕ್ಕೆ ಮಾತ್ರ ನಾನೂ ಬೈಯುತ್ತೇನೆ. ಅದು ಬೇರೆ.

ಮೂರ್ನಾಡು ಟೀಚರ್ | ಜನವರಿ 12, ಬೆಳಿಗ್ಗೆ 6:50

ರೈಟರ್ ಅಣ್ಣ ಹೇಳಿದ್ದನ್ನು ನಾವು ಬಿ.ಇಡಿಯಲ್ಲಿ 'ಪರಿಣಾಮ ನಿಯಮ' ಅಂತ ಬಾಯಿಪಾಠ ಮಾಡಿದ್ದೆವು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ ಹಾಕಿ ನೋಡಿದ ವಿಷಯ ಅದು. ಹೊರಗೆ ತಿಂಡಿ. ಒಳಗೆ ಎಲ್ಲೋ ಒಂದು ಹಗ್ಗ ಎಳೆದರೆ ಬಾಗಿಲು ತೆರೆಯುತ್ತದೆ. ಬೆಕ್ಕು ಪರಚುತ್ತದೆ, ಕಚ್ಚುತ್ತದೆ, ಆಕಸ್ಮಿಕವಾಗಿ ಒಂದು ಸಲ ಹಗ್ಗ ಎಳೆಯುತ್ತದೆ. ಮತ್ತೆ ಮತ್ತೆ ಹಾಕಿದಾಗ ಪರಚುವುದು ಕಡಿಮೆಯಾಗುತ್ತಾ ಬರುತ್ತದೆ, ಹಗ್ಗ ಬೇಗ ಎಳೆಯುತ್ತದೆ. ಫಲ ಸಿಕ್ಕಿದ ಕೆಲಸ ಉಳಿಯಿತು, ಸಿಗದ್ದು ಉದುರಿತು. ಆಮೇಲೆ ಸ್ಕಿನ್ನರ್ ಬಂದು ಇಲಿ, ಪಾರಿವಾಳ ಇಟ್ಟುಕೊಂಡು ಇದನ್ನೇ ವಿಸ್ತಾರ ಮಾಡಿದರು. ಫಲ ಕೊಟ್ಟು ಕೆಲಸವನ್ನು ಗಟ್ಟಿ ಮಾಡುವುದು, ನಮ್ಮ ಪುಸ್ತಕದಲ್ಲಿ ಅದಕ್ಕೆ 'ಪುನರ್ಬಲನ' ಅಂತ ಒಂದು ಪದ. ಪರೀಕ್ಷೆ ಮುಗಿದ ಮೇಲೆ ಇವತ್ತೇ ಅದನ್ನು ಬರೆದದ್ದು.

ತೋಟದವರೇ, ನೀವು ಕೊಟ್ಟದ್ದು ಬರವಣಿಗೆಗೆ ಅಲ್ಲ. ಪುಟ ತುಂಬಿಸಿದ್ದಕ್ಕೆ. ಅದನ್ನು ಮಗ ಚೆನ್ನಾಗಿಯೇ ಕಲಿತಿದ್ದಾನೆ. ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ದುಡ್ಡು ನಿಲ್ಲಿಸಿದ ಮೇಲೆ ಮೊದಲಿಗಿಂತ ಕಡಿಮೆ ಬರೆಯುತ್ತಿದ್ದಾನೆ ಅಂದಿರಲ್ಲ, ಅದಕ್ಕೂ ಒಂದು ಹಳೆ ಪ್ರಯೋಗ ಇದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ನರ್ಸರಿ ಮಕ್ಕಳಿಗೆ ಸ್ಕೆಚ್ ಪೆನ್ ಕೊಟ್ಟರು. ಎಲ್ಲರೂ ಚಿತ್ರ ಬರೆಯಲು ಇಷ್ಟಪಡುವ ಮಕ್ಕಳೇ. ಒಂದು ಗುಂಪಿಗೆ 'ಬರೆದರೆ ಬಹುಮಾನದ ಪತ್ರ ಕೊಡುತ್ತೇವೆ' ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಮೊದಲೇ ಹೇಳಿ ಕೊಟ್ಟ ಗುಂಪು ಸ್ಕೆಚ್ ಪೆನ್ ಹಿಡಿದ ಹೊತ್ತು ಉಳಿದವರ ಸುಮಾರು ಅರ್ಧ. ಹೇಳದೆ ಕೊಟ್ಟ ಗುಂಪಿಗೆ ಏನೂ ಆಗಿರಲಿಲ್ಲ. ಆಟವಾಗಿದ್ದದ್ದು ಕೂಲಿ ಆಯಿತು.

ಪೊನ್ನಂಪೇಟೆ ಕೋಚ್ | ಜನವರಿ 12, ಮಧ್ಯಾಹ್ನ 1:05

ಟೀಚರ್ ಮೇಡಂ, ಒಂದು ಸಣ್ಣ ತಕರಾರು. ಆ ಮಕ್ಕಳಿಗೆ ಚಿತ್ರ ಮೊದಲೇ ಇಷ್ಟ ಇತ್ತು. ಇವರ ಮಗನಿಗೆ ಕಾಪಿ ಬರೆಯುವುದು ಮೊದಲಿಂದಲೂ ಆಗದು. ಇಲ್ಲದ ಆಸಕ್ತಿ ಹೇಗೆ ಸಾಯುತ್ತದೆ?

ಆದರೆ ಗೋಲಿನ ಕಥೆ ನನ್ನದೂ ಇದೆ. ಬೇಸಿಗೆ ಕ್ಯಾಂಪಿನಲ್ಲಿ 12 ವರ್ಷದ ಒಳಗಿನ ಹುಡುಗರಿಗೆ ಹಾಕಿ ಹೇಳಿಕೊಡುತ್ತೇನೆ. ಒಂದು ವರ್ಷ ಹುರುಪಿನಲ್ಲಿ ಗೋಲಿಗೆ 20 ರೂಪಾಯಿ ಅಂದುಬಿಟ್ಟೆ. ಮೂರೇ ದಿನ. ಯಾರೂ ಪಾಸ್ ಕೊಡುವುದಿಲ್ಲ. ಗೋಲಿನ ಮುಂದಿನ ಡಿ ಹತ್ತಿರ ಐದು ಜನ ಕೋಲು ಹಿಡಿದು ನಿಂತಿದ್ದಾರೆ, ಹಿಂದೆ ಬ್ಯಾಕ್‌ನಲ್ಲಿ ಕಾಗೆ ಹಾರುತ್ತಿದೆ. ಗೋಲ್‌ಕೀಪರ್ ಹುಡುಗ ಬಂದು 'ಸರ್, ನಂಗೂ ಫಾರ್ವರ್ಡ್ ಆಡ್ಬೇಕು' ಅಂದ. ಪಾಪ, ಅವನಿಗೆ ದುಡ್ಡು ಬರುವ ದಾರಿಯೇ ಇರಲಿಲ್ಲ.

ಆಮೇಲೆ ದುಡ್ಡು ಬಿಟ್ಟು, ಒಳ್ಳೆ ಪಾಸ್ ಕೊಟ್ಟವನ ಹೆಸರು ಆ ಕ್ಷಣದಲ್ಲೇ ಜೋರಾಗಿ ಕೂಗಲು ಶುರು ಮಾಡಿದೆ. ಅಷ್ಟೇ. ಗಂಟಲು ಹೋಯಿತು, ಪಾಸ್ ಬಂತು.

ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಸೇರಿದವು. ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ, ಹೊಟ್ಟೆ ಬಿಟ್ಟುಕೊಂಡ ಚಿಕ್ಕಪ್ಪಂದಿರೂ ಬಂದು ಮಂಡಿ ಒಡೆದುಕೊಳ್ಳುತ್ತಾರೆ. ಅವರಿಗೆ ಯಾರು ಕೂಲಿ ಕೊಡುತ್ತಾರೆ? ಬೆನ್ನ ಮೇಲೆ ಮನೆ ಹೆಸರು ಇರುತ್ತದೆ, ಬೇಲಿ ಪಕ್ಕ ಅತ್ತೆ, ಮಾವ, ತಂಗಿಯರು ಕೂಗುತ್ತಾರೆ. ಅದೂ ಪ್ರತಿಫಲವೇ ಅಲ್ವಾ ಮೇಡಂ?

ಮೂರ್ನಾಡು ಟೀಚರ್ | ಜನವರಿ 12, ಸಂಜೆ 5:40

ನಿಮ್ಮ ತಕರಾರು ಸರಿ. ಆ ಪ್ರಯೋಗ ಇಷ್ಟಪಟ್ಟು ಮಾಡುವ ಕೆಲಸಕ್ಕೆ. ಇಷ್ಟ ಇಲ್ಲದ ಕೆಲಸ ಶುರು ಮಾಡಿಸಲು ಸಣ್ಣ ಬಹುಮಾನ ನಾನೂ ಕೊಡುತ್ತೇನೆ. ಒಂದನೇ ಕ್ಲಾಸಿನಲ್ಲಿ ನಕ್ಷತ್ರದ ಸ್ಟಿಕ್ಕರ್ ಇಲ್ಲದೆ ಜೂನ್ ತಿಂಗಳು ದಾಟಲು ಆಗುವುದಿಲ್ಲ. ಅದನ್ನು ಯಾವಾಗ, ಹೇಗೆ ಬಿಡಿಸುವುದು ಅನ್ನುವುದೇ ಕಷ್ಟ. ಮನೆ ಹೆಸರಿನ ಮಾತೂ ಒಪ್ಪಿದೆ.

ಹಳೇ ಬೆತ್ತ | ಜನವರಿ 12, ರಾತ್ರಿ 8:30

ಇಷ್ಟೆಲ್ಲ ಯಾಕೆ? ನಮ್ಮ ಕಾಲದಲ್ಲಿ ಮೇಸ್ಟ್ರ ಮೇಜಿನ ಮೇಲೆ ನಾಗರಬೆತ್ತ ಇರುತ್ತಿತ್ತು. ಮಗ್ಗಿ ತಪ್ಪಿದರೆ ಅಂಗೈಗೆ ಎರಡು. ಏಳೆಂಟ್ಲ ಐವತ್ತಾರು. 68 ವರ್ಷ ಆಯಿತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಯಾವ ಬೆಕ್ಕು, ಯಾವ ಪಾರಿವಾಳ?

ಮೂರ್ನಾಡು ಟೀಚರ್ | ಜನವರಿ 12, ರಾತ್ರಿ 9:10

ಸರ್, ಈಗ ಬೆತ್ತ ಎತ್ತಿದರೆ ನನ್ನ ಕೆಲಸ ಹೋಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಕಾನೂನು ಬಿಡಿ. ಏಳೆಂಟ್ಲ ಐವತ್ತಾರರ ಜೊತೆ ಇನ್ನೇನು ಕಲಿತಿರಿ, ಅದನ್ನೂ ಹೇಳಿ ಸರ್. ಕೀಟಲೆಗೆ ಕೇಳುತ್ತಿಲ್ಲ.

ಹಳೇ ಬೆತ್ತ | ಜನವರಿ 12, ರಾತ್ರಿ 9:52

ಕೇಳಿದಿರಿ ಅಂತ ಹೇಳುತ್ತೇನೆ. ಎತ್ತರದ ಹುಡುಗನ ಹಿಂದೆ ಕೂರುವುದು ಕಲಿತೆ. ಮೇಸ್ಟ್ರು ಬೋರ್ಡಿಗೆ ತಿರುಗಿದಾಗ ಪಕ್ಕದವನ ಸ್ಲೇಟು ನೋಡುವುದು ಕಲಿತೆ. ಸೋಮವಾರ ಲೆಕ್ಕದ ಪೀರಿಯಡ್ ಇರುವಾಗ ಜ್ವರ ಬರಿಸಿಕೊಳ್ಳುವುದು ಕಲಿತೆ. ಅಮ್ಮ ನಂಬುತ್ತಿದ್ದರು. ಎಂಟನೇ ಕ್ಲಾಸಿಗೆ ಲೆಕ್ಕ ಬಿಟ್ಟು ಹೋಯಿತು. ಮಗ್ಗಿ ಮಾತ್ರ ಉಳಿಯಿತು.

ಇದನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಬೇಟೆ ನಾಯಿ ಬ್ರೋ | ಜನವರಿ 13, ಬೆಳಿಗ್ಗೆ 7:25

ನಾನು ನಾಯಿ ಸಾಕುವವನು, ಮಕ್ಕಳ ವಿಷಯ ಗೊತ್ತಿಲ್ಲ. ನಾಯಿಯಲ್ಲಿ ಎಲ್ಲ ಇರುವುದು ಹೊತ್ತಿನಲ್ಲಿ. ಸುಮ್ನೆ ಒಂದು ಉದಾಹರಣೆ. ತೋಟದ ನಾಯಿ ಹಂದಿ ಜಾಡು ಹಿಡಿದು ಓಡಿಹೋಯಿತು. ಎರಡು ಗಂಟೆ ಕೂಗಿದಿರಿ. ಕೊನೆಗೆ ಬಂತು. ಸಿಟ್ಟಿಗೆ ಬಾರಿಸಿದಿರಿ. ನಿಮ್ಮ ಲೆಕ್ಕದಲ್ಲಿ ಓಡಿಹೋದದ್ದಕ್ಕೆ ಏಟು. ನಾಯಿಯ ಲೆಕ್ಕದಲ್ಲಿ? ಕರೆದಾಗ ಬಂದದ್ದಕ್ಕೆ ಏಟು. ಮುಂದಿನ ಸಲ ಮೂರು ಗಂಟೆ ಕೂಗಿ.

ಒಳ್ಳೆ ಕೆಲಸಕ್ಕೂ ಹಾಗೇ. ಕೂತ ಕ್ಷಣಕ್ಕೆ ಬಿಸ್ಕತ್ತು ಬಾಯಿಗೆ ಬೀಳಬೇಕು. ಜೇಬಿಂದ ಹುಡುಕಿ ತೆಗೆಯುವಷ್ಟರಲ್ಲಿ ಎದ್ದು ನಿಂತಿರುತ್ತದೆ, ಎದ್ದದ್ದಕ್ಕೆ ಬಿಸ್ಕತ್ತು ಆಗುತ್ತದೆ. ಅದಕ್ಕೇ ಡಾಲ್ಫಿನ್ ಪಳಗಿಸುವವರು ಸೀಟಿ ಇಟ್ಟುಕೊಂಡರು. ನೀರಿನ ನಡುವೆ ಹಾರಿದಾಗ ಮೀನು ಕೊಡಲು ಆಗುವುದಿಲ್ಲವಲ್ಲ. ಹಾರಿದ ಕ್ಷಣಕ್ಕೆ ಸೀಟಿ, ಮೀನು ಆಮೇಲೆ. ಈಗ ನಾಯಿಗೆ ಟಿಕ್ ಅನ್ನುವ ಒಂದು ಡಬ್ಬಿ ಬಂದಿದೆ, ಕೆಲಸ ಅದೇ. ಕೋಚ್ ಸರ್ ಹೆಸರು ಕೂಗಿದರಲ್ಲ, ಅದೂ ಇದೇ.

ಜೀಪ್ ಕುಟ್ಟ | ಜನವರಿ 13, ಬೆಳಿಗ್ಗೆ 7:40

ಹೊತ್ತು ಮೀರಿದರೆ ಕಲಿಯಲ್ಲ ಅಂತೀರಾ? ನಾನು ಒಂದು ಮಳೆಗಾಲದಲ್ಲಿ ರಾತ್ರಿ ಅಣಬೆ ಸಾರು ತಿಂದೆ, ಬೆಳಗಿನ ಜಾವ ವಾಂತಿ. 15 ವರ್ಷ ಆಯ್ತು, ವಾಸನೆ ಬಂದ್ರೆ ಈಗಲೂ ಹೊರಗೆ ಹೋಗ್ತೀನಿ.

ಮೂರ್ನಾಡು ಟೀಚರ್ | ಜನವರಿ 13, ಬೆಳಿಗ್ಗೆ 8:02

ಕುಟ್ಟ, ಮೊದಲ ಸಲ ಕೆಲಸಕ್ಕೆ ಬರುವ ಮಾತು ಆಡಿದಿರಿ. ಅದೊಂದು ವಿನಾಯಿತಿ. ಜಾನ್ ಗಾರ್ಸಿಯಾ ಅನ್ನುವವರು 1955ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಸಿಹಿ ನೀರು ಕುಡಿಯುವಾಗ ವಿಕಿರಣ ತಾಗಿಸಿದರು, ಇಲಿಗಳು ಆ ಸಿಹಿಯನ್ನೇ ದೂರ ಇಟ್ಟವು. ಹೊಟ್ಟೆ ಕೆಟ್ಟದ್ದು ಗಂಟೆಗಳು ಕಳೆದ ಮೇಲಾದರೂ ಬಾಯಿಯ ರುಚಿಗೆ ಅಂಟಿಕೊಳ್ಳುತ್ತದೆ ಅನ್ನುವುದು ಆಮೇಲಿನ ಪ್ರಯೋಗಗಳಲ್ಲಿ ಗೊತ್ತಾಯಿತು. ಕಾಡಿನಲ್ಲಿ ಬದುಕುವ ಪ್ರಾಣಿಗೆ ಅದು ಬೇಕೇ ಬೇಕು. ಉಳಿದ ವಿಷಯದಲ್ಲಿ ನಾಯಿಯವರ ಮಾತೇ ಸರಿ. ಅಣಬೆಯ ತಪ್ಪೋ, ಜೊತೆಗೆ ಕುಡಿದದ್ದರ ತಪ್ಪೋ ನಾನು ಕೇಳುವುದಿಲ್ಲ.

ಗೋಣಿಕೊಪ್ಪ ಅಮ್ಮ | ಜನವರಿ 14, ರಾತ್ರಿ 10:30

ನನ್ನದೂ ಒಂದು ಕೇಳಿ ಅಕ್ಕ. ಮಗಳಿಗೆ 4 ವರ್ಷ. ಅಂಗಡಿಗೆ ಹೋದರೆ ಚಾಕಲೇಟು ಬೇಕು ಅಂತ ನೆಲಕ್ಕೆ ಬೀಳುತ್ತಾಳೆ. ಸಂತೆ ದಿನ, ಅರ್ಧ ಊರು ನೋಡುತ್ತಿರುತ್ತದೆ. ನಾನೇನು ಪ್ರತಿ ಸಲ ಕೊಡಿಸುವುದಿಲ್ಲ. ಹತ್ತು ಸಲದಲ್ಲಿ ಏಳು ಸಲ ಗಟ್ಟಿಯಾಗಿ 'ಇಲ್ಲ' ಅನ್ನುತ್ತೇನೆ. ಮೂರು ಸಲ ಮರ್ಯಾದೆಗೆ ಅಂಜಿ ಕೊಡಿಸುತ್ತೇನೆ. ಆದರೂ ಜಾಸ್ತಿ ಆಗುತ್ತಲೇ ಇದೆ.

ಮೂರ್ನಾಡು ಟೀಚರ್ | ಜನವರಿ 15, ಬೆಳಿಗ್ಗೆ 6:35

ಆ ಮೂರು ಸಲವೇ ತಂಗಿ. ಪ್ರತಿ ಸಲ ಕೊಡಿಸಿ ಒಂದು ದಿನ ನಿಲ್ಲಿಸಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ. ಸ್ಕಿನ್ನರ್ ಮತ್ತು ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇದು ಕಾಣುತ್ತದೆ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದ ಪ್ರತಿಫಲಕ್ಕೆ ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ಹಾರಂಗಿಯಲ್ಲಿ ಗಾಳ ಹಾಕಿ ಕೂತವರನ್ನು ನೋಡಿ. ದಿನಾ ಮೀನು ಸಿಕ್ಕರೆ ಅಷ್ಟು ಹೊತ್ತು ಕೂರುವುದಿಲ್ಲ, ಎಂದೂ ಸಿಗದಿದ್ದರೆ ಹೋಗುವುದೇ ಇಲ್ಲ. ಗಡಿಯ ಮಾಕುಟ್ಟ ದಾಟಿ ಕೇರಳ ಲಾಟರಿ ತರುವವರೂ ಹಾಗೇ. ಫೋನನ್ನು ಗಳಿಗೆಗೊಮ್ಮೆ ತೆಗೆದು ನೋಡುವ ನಾವೂ.

ಇನ್ನೊಂದು ಸೂಕ್ಷ್ಮ ಇದೆ. ಮಗಳು ನಿಮಗೂ ಕಲಿಸುತ್ತಿದ್ದಾಳೆ. ಚಾಕಲೇಟು ಕೊಡಿಸಿದ ತಕ್ಷಣ ಅಳು ನಿಂತಿತು, ನಿಮಗೆ ಹಾಯ್ ಅನ್ನಿಸಿತು. ಆ ಹಾಯ್ ನಿಮ್ಮ ಬಹುಮಾನ. ಜಿಗಣೆಗೆ ಉಪ್ಪು ಮುಟ್ಟಿಸಿದ ಹಾಗೆ. ಬಿದ್ದುಹೋಯಿತು ಅಂದರೆ ಮುಂದಿನ ಸಲ ಕೈ ತಾನಾಗಿ ಉಪ್ಪಿನ ಪೊಟ್ಟಣಕ್ಕೆ ಹೋಗುತ್ತದೆ.

ನಿಲ್ಲಿಸುವುದಾದರೆ ಪೂರ್ತಿ ನಿಲ್ಲಿಸಿ. ಮೊದಲೆರಡು ಸಲ ಅಳು ಇನ್ನೂ ಜೋರಾಗುತ್ತದೆ, ಆರುವ ದೀಪದ ಹಾಗೆ. ಎಲ್ಲರೂ ಸೋಲುವುದು ಅಲ್ಲೇ. ಅಲ್ಲಿ ಸೋತರೆ, ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ ಅಂತ ನೀವೇ ಕಲಿಸಿದ ಹಾಗೆ. ಅಳದೆ ಚೀಲ ಹಿಡಿದುಕೊಂಡು ಬಂದ ದಿನ ನೀವಾಗಿಯೇ ಏನಾದರೂ ಕೊಡಿಸಿ.

ಗೋಣಿಕೊಪ್ಪ ಅಮ್ಮ | ಜನವರಿ 15, ಬೆಳಿಗ್ಗೆ 9:00

ಮುಂದಿನ ಸಂತೆಗೆ ಯಾರಾದರೂ ನಮ್ಮನ್ನು ನೋಡಿದರೆ ಮಾತಾಡಿಸಬೇಡಿ. ದಯವಿಟ್ಟು ಹಾಗೇ ಮುಂದೆ ಹೋಗಿ.

ತಿತಿಮತಿ ಹುಡುಗ | ಜನವರಿ 16, ಸಂಜೆ 7:15

ಎಲ್ಲ ಓದಿದೆ. ಆನೆ ವಿಷಯ ಯಾರೂ ಎತ್ತಲಿಲ್ಲ, ಆಶ್ಚರ್ಯ ಆಯಿತು. ನನ್ನ ತಾತ ಕಾವಾಡಿ, ಅಂದರೆ ಮಾವುತನ ಸಹಾಯಕ, ಆಗಿದ್ದರು.

ಕಾಡಾನೆ ಹಿಡಿದು ತಂದರೆ ಕ್ರಾಲ್‌ಗೆ ಹಾಕುತ್ತಾರೆ, ದಪ್ಪ ದಿಮ್ಮಿಗಳ ಕೋಣೆ. ಅದೇನು ಚಂದದ ವಿಷಯ ಅಲ್ಲ, ಮೊದಲ ದಿನಗಳಲ್ಲಿ ಆನೆ ದಿಮ್ಮಿಗೆ ಗುದ್ದಿ ಗುದ್ದಿ ಗಾಯ ಮಾಡಿಕೊಳ್ಳುತ್ತದೆ. ತಾತ ಅದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಅಂಕುಶವೂ ಇರುತ್ತದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಆನೆ ಮಾತು ಕೇಳಲು ಶುರು ಮಾಡುವುದು ಕಬ್ಬು, ಬೆಲ್ಲದಿಂದ. ದಿನಾ ಅದೇ ಮನುಷ್ಯ, ಅದೇ ದನಿ, ದಿಮ್ಮಿಯ ಸಂದಿಯಿಂದ ಒಂದು ತುಂಡು ಕಬ್ಬು. ತಾತ ಹೇಳುತ್ತಿದ್ದದ್ದು: ಕಾಲು ಎತ್ತಿದಾಗ ಬೆಲ್ಲ ಕೊಡಬೇಕು, ಕೆಳಗಿಟ್ಟ ಮೇಲೆ ಕೊಟ್ಟರೆ ಕೆಳಗಿಡುವುದನ್ನೇ ಕಲಿಯುತ್ತದೆ. ನಾಯಿಯವರು ಬರೆದದ್ದು ಓದಿ ಅದೇ ನೆನಪಾಯಿತು.

ದಸರಾ ಆನೆಗಳದ್ದು ಇನ್ನೊಂದು. ಮತ್ತಿಗೋಡು ಆನೆ ಶಿಬಿರದ ಅಭಿಮನ್ಯು 2020ರಿಂದ ಅಂಬಾರಿ ಹೊತ್ತವನು. ಚಿನ್ನದ ಅಂಬಾರಿ ಸುಮಾರು 750 ಕೆಜಿ. ಮೈಸೂರಿಗೆ ಹೋದ ದಿನವೇ ಅದನ್ನು ಹೊರಿಸುವುದಿಲ್ಲ. ಮೊದಲು ಬರೀ ನಡಿಗೆ. ಆಮೇಲೆ ಮರಳು ಮೂಟೆ, ದಿನ ಕಳೆದ ಹಾಗೆ ಭಾರ ಜಾಸ್ತಿ. ಆಮೇಲೆ ಮರದ ಅಂಬಾರಿ. ಹಿಂದೆ ಬಂದರೆ ಹುಲ್ಲಿನಲ್ಲಿ ಭತ್ತ, ಬೆಲ್ಲ ಸುತ್ತಿದ ಕುಸುರೆ. ತೋಟದ ಅಣ್ಣ, ನಿಮ್ಮ ಮಗನಿಗೆ ಮೊದಲ ದಿನವೇ ಒಂದು ಪುಟ ಅಂದರೆ ಅಂಬಾರಿ ಹೊರಿಸಿದ ಹಾಗಲ್ವಾ?

ಇನ್ನು ಕಾಡಿನಲ್ಲೇ ಇರುವ ಆನೆಗಳಿಗೆ ನಾವು ಗೊತ್ತಿಲ್ಲದೆ ಪಾಠ ಮಾಡುತ್ತಿದ್ದೇವೆ. ತೋಟದಲ್ಲಿ ಹಲಸು ಹಣ್ಣಾಗಿ ಬೀಳುತ್ತದೆ, ಕೆರೆಯಲ್ಲಿ ನೀರು ಇರುತ್ತದೆ. ಒಂದು ಸಲ ಬಂದು ತಿಂದ ಆನೆ ಮತ್ತೆ ಬಾರದೆ ಇರುತ್ತದಾ? ಸೋಲಾರ್ ಬೇಲಿ ಹಾಕುತ್ತೇವೆ. ಶಾಕ್ ಹೊಡೆದರೆ ಹೆದರಿ ಹೋಗಬೇಕು ಅನ್ನುವುದು ನಮ್ಮ ಲೆಕ್ಕ. ಸೊಂಡಿಲಿಗೆ ಹೊಡೆಯುತ್ತದೆ, ದಂತಕ್ಕೆ ಹೊಡೆಯುವುದಿಲ್ಲ ಅಂತ ಅದು ಕಂಡುಕೊಂಡಿದೆ. ದಂತದಲ್ಲಿ ತಂತಿ ಕೀಳುತ್ತದೆ, ಇಲ್ಲ ಪಕ್ಕದ ಮರ ನೂಕಿ ಬೇಲಿ ಮೇಲೆ ಬೀಳಿಸುತ್ತದೆ. ಪಟಾಕಿಗೆ ಮೊದಲು ಓಡುತ್ತಿತ್ತು, ಈಗ ನಿಂತು ನೋಡುತ್ತದೆ. ಶಿಕ್ಷೆ ಹಣ್ಣು ಮರೆಸಲಿಲ್ಲ, ಬೇಲಿ ಮುರಿಯುವುದು ಕಲಿಸಿತು.

ಹಳೇ ಬೆತ್ತ | ಜನವರಿ 16, ರಾತ್ರಿ 8:05

ಎತ್ತರದ ಹುಡುಗನ ಹಿಂದೆ ಕೂತ ಹಾಗೆ.

ಸೋಮವಾರಪೇಟೆ ಸಂಘದವಳು | ಜನವರಿ 17, ಮಧ್ಯಾಹ್ನ 2:20

ದಂಡದ ಬಗ್ಗೆ ನಾನೂ ಹೇಳಬೇಕು. ನಮ್ಮ ಮಹಿಳಾ ಸಂಘದ ಸಭೆ ನಾಲ್ಕು ಗಂಟೆಗೆ. ತಡವಾಗಿ ಬಂದವರಿಗೆ 10 ರೂಪಾಯಿ ದಂಡ ಅಂತ ಮಾಡಿದೆವು. ಮೊದಲೆಲ್ಲ ತಡವಾದವರು ತಲೆ ತಗ್ಗಿಸಿ, 'ಹಾಲು ಹಾಕಿ ಬರೋಕೆ ಹೊತ್ತಾಯ್ತು ಅಕ್ಕ' ಅಂತ ಮೂಲೆಯಲ್ಲಿ ಕೂರುತ್ತಿದ್ದರು. ದಂಡ ಬಂದ ಮೇಲೆ ಹತ್ತರ ನೋಟು ಮೇಜಿನ ಮೇಲಿಟ್ಟು, ಸೆರಗು ಬೀಸಿಕೊಂಡು ನಡುವೆ ಬಂದು ಕೂರುತ್ತಾರೆ. ಒಬ್ಬರಂತೂ ಎರಡು ವಾರದ್ದು ಮುಂಗಡ ಕೊಟ್ಟರು!

ಮೂರ್ನಾಡು ಟೀಚರ್ | ಜನವರಿ 17, ಸಂಜೆ 6:10

ಮುಂಗಡ ಕೊಟ್ಟವರಿಗೆ ನನ್ನ ನಮಸ್ಕಾರ ಹೇಳಿ. ಇಸ್ರೇಲಿನ ಹೈಫಾ ಊರಿನಲ್ಲಿ ಇದೇ ಆಯಿತು. ಗ್ನೀಜಿ, ರುಸ್ಟಿಚಿನಿ ಅನ್ನುವ ಇಬ್ಬರು 2000ದಲ್ಲಿ ಪ್ರಕಟಿಸಿದ್ದು. ಹತ್ತು ಶಿಶುವಿಹಾರ. ಸಂಜೆ ಮಗುವನ್ನು ಕರೆದುಕೊಂಡು ಹೋಗಲು ತಡ ಮಾಡುವ ಅಪ್ಪ ಅಮ್ಮಂದಿರಿಗೆ ಆರು ಕಡೆ 10 ಶೆಕೆಲ್ ದಂಡ ಹಾಕಿದರು. ತಡ ಕಡಿಮೆ ಆಗುವ ಬದಲು ಸುಮಾರು ಇಮ್ಮಡಿ ಆಯಿತು. ಮೊದಲು 'ಟೀಚರ್ ಕಾಯುತ್ತಿದ್ದಾರೆ' ಅನ್ನುವ ಸಂಕೋಚ ಇತ್ತು. ದಂಡ ಬಂದ ಮೇಲೆ ಅದು ಬಾಡಿಗೆ ಆಯಿತು. ತಮಾಷೆ ಅಂದರೆ ದಂಡ ತೆಗೆದ ಮೇಲೂ ತಡ ಇಳಿಯಲಿಲ್ಲ. ಹೋದ ಸಂಕೋಚ ವಾಪಸ್ ಬರಲಿಲ್ಲ.

ಅದಕ್ಕೇ ತೋಟದವರೇ, ಮಗನಿಗೆ 5 ರೂಪಾಯಿ ನಿಲ್ಲಿಸಿದ ಮಾತ್ರಕ್ಕೆ ದಸರಾಕ್ಕೆ ಮುಂಚಿನ ಹುಡುಗ ಸಿಗುವುದಿಲ್ಲ. ಬೇರೆ ದಾರಿ ನೋಡಬೇಕು.

ಜೀಪ್ ಕುಟ್ಟ | ಜನವರಿ 17, ರಾತ್ರಿ 9:45

ನಮ್ಮ ದೊಡ್ಡಪ್ಪ ಫೆಬ್ರವರಿ ಕೊನೆಗೆ ಜೀಪ್ ತೊಳೆದು ಪಾಲಿಶ್ ಮಾಡ್ತಾರೆ. ತೊಳೆದ್ರೆ ಕಾಫಿ ಹೂ ಬಿಡಿಸೋ ಹೂಮಳೆ ಬರುತ್ತೆ ಅಂತ. 2 ಸಲ ಬಂದಿದೆ. ಅದಕ್ಕೂ ಏನಾದ್ರೂ ಪ್ರಯೋಗ ಇದ್ಯಾ ಟೀಚರ್?

ಮೂರ್ನಾಡು ಟೀಚರ್ | ಜನವರಿ 17, ರಾತ್ರಿ 9:58

ಇದೆ. 1948. ಸ್ಕಿನ್ನರ್ ಪಾರಿವಾಳಗಳಿಗೆ, ಅವು ಏನೇ ಮಾಡುತ್ತಿರಲಿ, 15 ಸೆಕೆಂಡಿಗೊಮ್ಮೆ ಕಾಳು ಬೀಳುವ ಹಾಗೆ ಇಟ್ಟರು. ಎಂಟರಲ್ಲಿ ಆರು ಪಾರಿವಾಳ ಒಂದೊಂದು ಶಾಸ್ತ್ರ ಹಿಡಿದವು. ಒಂದು ಸುತ್ತ ತಿರುಗುತ್ತದೆ, ಒಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚುತ್ತದೆ. ಕಾಳು ಬಿದ್ದ ಹೊತ್ತಿಗೆ ಮಾಡುತ್ತಿದ್ದದ್ದೇ ಮಂತ್ರ ಆಯಿತು. ದೊಡ್ಡಪ್ಪನಿಗೆ ಇದನ್ನು ಹೇಳಬೇಡಿ. ಜೀಪ್ ಆದರೂ ಶುದ್ಧ ಇರಲಿ.

ಸುಂಟಿಕೊಪ್ಪ ತೋಟದವ | ಫೆಬ್ರವರಿ 20, ರಾತ್ರಿ 9:05

ಕುಯ್ಲಿನ ಗಲಾಟೆಯಲ್ಲಿ ಇತ್ತ ಬರಲು ಆಗಲಿಲ್ಲ. ಹೇಳಬೇಕಾದ್ದು ಇದೆ.

ಮೊದಲು ತೋಟ. ರೈಟರ್ ಹೇಳಿದ ಸೇರಿನ ಲೆಕ್ಕ ಶುರು ಮಾಡಿದೆ. ಎದುರಿಗೇ ತಾಟಿನ ಮೇಲೆ ಹರಡುವುದು, ಅಲ್ಲೇ ಚೀಟಿ. ಮೊದಲ ಮೂರು ದಿನ ಮುಖ ಗಂಟು. ನಾಲ್ಕನೇ ದಿನ ಒಬ್ಬಾಕೆ ತಾನೇ ಚೀಲದ ಬಾಯಿ ಬಿಚ್ಚಿ, 'ನೋಡಿ ಸಾರ್, ಕೆಂಪು' ಅಂದಳು. ಕಾಯಿ ಪೂರ್ತಿ ಹೋಗಿಲ್ಲ, ಆದರೆ ಕಡಿಮೆ ಆಗಿದೆ. ಈಗ ಹೊಸ ಸಮಸ್ಯೆ. ಚೀಲದ ಮೇಲ್ಭಾಗದಲ್ಲಿ ಚಂದದ ಹಣ್ಣು, ಕೆಳಗೆ ಕಾಯಿ. ಸೇರನ್ನು ಮೇಲಿಂದ ತೆಗೆಯುತ್ತೇನೆ ಅಂತ ಗೊತ್ತಾಗಿಬಿಟ್ಟಿದೆ. ರೈಟರ್, ನೀವು ಇದನ್ನು ಯಾಕೆ ಮೊದಲೇ ಹೇಳಲಿಲ್ಲ?

ಕಣದ ರೈಟರ್ | ಫೆಬ್ರವರಿ 20, ರಾತ್ರಿ 9:20

ಕೆಲವು ಪಾಠ ಅವರವರೇ ಕಲಿಯಬೇಕು. ಚೀಲ ಪೂರ್ತಿ ಸುರಿದು ನಡುವಿಂದ ತೆಗೆಯಿರಿ. ಒಂದೊಂದು ದಿನ ಬದಿಯಿಂದ.

ಗೋಣಿಕೊಪ್ಪ ಅಮ್ಮ | ಫೆಬ್ರವರಿ 20, ರಾತ್ರಿ 9:34

ನಾನು ಎರಡು ಸಂತೆ ಗಟ್ಟಿ ನಿಂತೆ. ಎರಡನೆಯದರಲ್ಲಿ ಅವಳು ಬಾಳೆಹಣ್ಣಿನ ಗಾಡಿ ಕೆಳಗೆ ತೂರಿಕೊಂಡಳು. ಮೂರನೆಯ ಸಂತೆಗೆ ಅತ್ತೆ ಜೊತೆ ಬಂದರು. ಅತ್ತೆ ಕೊಡಿಸಿಬಿಟ್ಟರು. ಮತ್ತೆ ಮೊದಲಿಂದ.

ಸುಂಟಿಕೊಪ್ಪ ತೋಟದವ | ಫೆಬ್ರವರಿ 20, ರಾತ್ರಿ 9:50

ಅಯ್ಯೋ ಪಾಪ.

ಇನ್ನು ಮಗನದ್ದು. ಮರಳು ಮೂಟೆ ಮಾತು ಮನಸ್ಸಿಗೆ ಹೊಕ್ಕಿತ್ತು. ಪುಟ ಬೇಡ, ಮೂರು ಸಾಲು ಸಾಕು ಅಂದೆ. ಮೂರು ಸಾಲಿಗೆ ಎಷ್ಟು ಅಂದ. ಅಲ್ಲಿಗೆ ನಿಂತಿತು. ಒಂದು ವಾರ ಏನೂ ಇಲ್ಲ.

ಆಮೇಲೆ ಪೋಸ್ಟ್ ಆಫೀಸಿಗೆ ಯಾವುದೋ ಕೆಲಸಕ್ಕೆ ಹೋದವನು ಸುಮ್ನೆ ಹತ್ತು ಪೋಸ್ಟ್ ಕಾರ್ಡ್ ತಂದೆ. ಒಂದಕ್ಕೆ 50 ಪೈಸೆ. ನನ್ನ ಅಮ್ಮ ಶನಿವಾರಸಂತೆಯಲ್ಲಿ ಇರುವುದು. 'ಅಜ್ಜಿಗೆ ಏನಾದ್ರೂ ಬೇಕು ಅಂದ್ರೆ ಬರೆದು ಕಳಿಸು, ನಾನು ಫೋನ್ ಮಾಡಲ್ಲ' ಅಂದೆ. ಅಮ್ಮನಿಗೆ ಮೊದಲೇ ಹೇಳಿಟ್ಟಿದ್ದೆ, ಕಾರ್ಡು ಬಂದ ದಿನವೇ ಫೋನ್ ಮಾಡಿ ಓದಿ ಹೇಳಬೇಕು ಅಂತ. ಅವನು ಮೊದಲ ಕಾರ್ಡಿನಲ್ಲಿ 'ಅಜ್ಜಿ ಕೋಡುಬಳೆ' ಅಂತ ಎರಡೇ ಪದ, ಕಾರ್ಡಿನ ಈ ತುದಿಯಿಂದ ಆ ತುದಿವರೆಗೆ. ಹೆಸರೂ ಹಾಕಲಿಲ್ಲ. ನಾಲ್ಕನೇ ದಿನ ಅಮ್ಮ ಫೋನ್ ಮಾಡಿ, 'ಯಾರೋ ಕೋಡುಬಳೆ ಅಂತ ಬರೆದಿದ್ದಾರೆ ಮಗಾ, ಯಾರು ಅಂತ ಗೊತ್ತಾಗಲಿಲ್ಲ, ಎಷ್ಟು ಬೇಕು ಅಂತಾನೂ ಇಲ್ಲ' ಅಂದರು. ಅವನ ಮುಖ ನೋಡಬೇಕಿತ್ತು.

ಎರಡನೇ ಕಾರ್ಡಿನಲ್ಲಿ ಹೆಸರು, ಎಷ್ಟು ಬೇಕು, ಖಾರ ಕಡಿಮೆ ಇರಲಿ. ಮೂರನೆಯದಕ್ಕೆ ನಾಯಿ ಮರಿ ಹಾಕಿದ್ದು, ಕಣದಲ್ಲಿ ಹಾವು ಬಂದದ್ದು. ಬರೆಯಬೇಕಾದ್ದು ಜಾಸ್ತಿ, ಕಾರ್ಡು ಅಷ್ಟೇ. ಅಕ್ಷರ ಚಿಕ್ಕದಾಯಿತು. ನಾನು ಹೇಳಲಿಲ್ಲ. ನಿನ್ನೆಯದರಲ್ಲಿ ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದಾನೆ, ಇರುವೆ ಸಾಲಿನ ಹಾಗೆ.

ಜೀಪ್ ಕುಟ್ಟ | ಫೆಬ್ರವರಿ 20, ರಾತ್ರಿ 10:02

5 ರೂಪಾಯಿ ಹೋಗಿ ಕೋಡುಬಳೆ ಬಂತು. ಕೂಲಿ ಕೂಲಿಯೇ ಅಲ್ವಾ ಅಣ್ಣ?

ಸುಂಟಿಕೊಪ್ಪ ತೋಟದವ | ಫೆಬ್ರವರಿ 20, ರಾತ್ರಿ 10:10

ಇರಬಹುದು ಕುಟ್ಟ. ಕೋಡುಬಳೆ ಮೊದಲ ಎರಡು ಸಲ ಬಂತು, ಆಮೇಲೆ ಬಂದಿಲ್ಲ. ಅಮ್ಮನಿಗೆ ಮಂಡಿ ನೋವು, ಕರಿಯಲು ಆಗುತ್ತಿಲ್ಲ. ಕಾರ್ಡು ಹೋಗುತ್ತಲೇ ಇದೆ.

ಅವನಿಗೀಗ ಒಂದೇ ಸಿಟ್ಟು. ಅಜ್ಜಿ ಫೋನ್ ಮಾಡ್ತಾರೆ, ವಾಪಸ್ ಕಾರ್ಡು ಬರೆಯೋದೇ ಇಲ್ಲ ಅಂತ. ಇವತ್ತು ಊಟಕ್ಕೆ ಕೂತಾಗ ನನಗೇ ಹೇಳಿದ: 'ಪಪ್ಪಾ, ಅಜ್ಜಿಗೂ ಪುಟಕ್ಕೆ 5 ರೂಪಾಯಿ ಕೊಟ್ಟು ನೋಡಿ.'